ಗೋರ್ಟಾ (ಬಿ)ಯಿಂದ ಕಲ್ಯಾಣದ ಪೇಟೆಗೆ: 500 ರೂಪಾಯಿಗೆ ಒಂದು ಒಳ್ಳೆಯ ಕೀಬೋರ್ಡ್

ಬೀದರ್ ಜಿಲ್ಲೆಯ ಗೋರ್ಟಾ (ಬಿ) ಅಂದರೆ ಕಲ್ಯಾಣ ಕರ್ನಾಟಕದ ಹಿರಿಯರಿಗೆ ಮೊದಲು ನೆನಪಾಗುವುದು 1948ರ ಮೇ ತಿಂಗಳು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರುವ ಮುಂಚಿನ ಆ ದಿನಗಳಲ್ಲಿ, ಸಂಸ್ಥಾನ ಆಳುತ್ತಿದ್ದ ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರು ಈ ಊರಿನ ಮೇಲೆ ಮುಗಿಬಿದ್ದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಊರು ಲೆಕ್ಕ ಹೇಳುತ್ತದೆ. ಆ ಹುತಾತ್ಮರ ಸ್ಮಾರಕ, ಸರ್ದಾರ್ ಪಟೇಲರ ಪ್ರತಿಮೆ ಮತ್ತು 103 ಅಡಿ ಎತ್ತರದ ಧ್ವಜಸ್ತಂಭ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದವು. ಊರಿಗೆ ಬಂದವರು ಅಲ್ಲೊಂದು ಗಳಿಗೆ ನಿಂತು ಕೈಮುಗಿದೇ ಮುಂದೆ ಹೋಗುತ್ತಾರೆ.

ಸ್ಮಾರಕ ನೋಡಿ ಊರೊಳಗೆ ನಡೆದರೆ ಇಂದಿನ ಗೋರ್ಟಾ ಸಿಗುತ್ತದೆ. ತೊಗರಿ, ಸೋಯಾ ರಾಶಿಯ ಮಾತು, ಬಸವಕಲ್ಯಾಣ ಬಸ್ಸಿನ ವೇಳೆಯ ಮಾತು, ಅದರ ನಡುವೆ ಅರ್ಜಿಯ ಮಾತು. ಪಿಂಚಣಿ, ಬೆಳೆ ವಿಮೆ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ನೌಕರಿಯ ಅರ್ಜಿ, ಎಲ್ಲವೂ ಈಗ ಕಂಪ್ಯೂಟರ್ ಮುಂದೆ ಕೂತವರ ಬೆರಳ ತುದಿಯಿಂದಲೇ ಹೊರಡಬೇಕು. ನಾನು ಬಂದದ್ದೂ ಅದೇ ಕಾರಣಕ್ಕೆ. ಇಲ್ಲಿ ಆನ್‌ಲೈನ್ ಕೆಲಸ ಮಾಡುವವರು, ಟೈಪಿಂಗ್ ಕಲಿಯುವ ಹುಡುಗ ಹುಡುಗಿಯರು ಒಂದೇ ಪ್ರಶ್ನೆ ಕೇಳುತ್ತಾರೆ: ಐದುನೂರು ರೂಪಾಯಿ ಒಳಗ ಛಲೋ ಕೀಬೋರ್ಡ್ ಯಾವ್ದು ಸಿಗ್ತದ್ರಿ?

ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಈ ಸೀಮೆಯ ಆಡಳಿತ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಕನ್ನಡ ಮಾತಾಡುವ ರೈತನ ಹೊಲದ ಕಾಗದ ಬೇರೊಂದು ಲಿಪಿಯಲ್ಲಿ ಇರುತ್ತಿತ್ತು. ಅದನ್ನು ಓದಿಸಿಕೊಳ್ಳಲು ಆತ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು, 1963ರಲ್ಲಿ ರಾಜ್ಯಭಾಷಾ ಕಾಯ್ದೆ ಬಂತು, 2000ದ ಸುಮಾರಿಗೆ ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಈಗ ಕಾಗದ ಕನ್ನಡದಲ್ಲಿದೆ. ಆ ಕನ್ನಡ ತಪ್ಪಿಲ್ಲದೆ ಬೀಳಬೇಕಾದರೆ ಕೈಕೆಳಗಿನ ಕೀಬೋರ್ಡ್ ನೆಟ್ಟಗಿರಬೇಕು.

ಸವೆದ ಕೀಲಿಗಳು ಹೇಳುವುದೇನು?

ಊರಿನ ಒಂದು ಆನ್‌ಲೈನ್ ಕೇಂದ್ರಕ್ಕೆ ಹೋದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ತಗುಲಿಸಿದ ಅರ್ಜಿ ನಮೂನೆಗಳು. ಮೇಜಿನ ಮೇಲಿದ್ದ ಕರಿ ಕೀಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಎಫ್ ಕೀಲಿಯ ಮೇಲೆ ಅಕ್ಷರವೇ ಉಳಿದಿಲ್ಲ. ಎ ಮತ್ತು ಎನ್ ಅರ್ಧ ಅಳಿಸಿವೆ. ಎಡಗಡೆಯ ಶಿಫ್ಟ್ ಬೆರಳು ತಾಗುವ ಕಡೆ ನುಣ್ಣಗೆ ಹೊಳೆಯುತ್ತಿದೆ. ಬಲಗಡೆಯ ಅಂಕಿಗಳಲ್ಲಿ ಸೊನ್ನೆ, ಒಂಬತ್ತು ಮಾಸಿವೆ. ಕ್ಯೂ, ಝಡ್ ಮಾತ್ರ ಹೊಸದರಂತಿವೆ.

ಕೇಂದ್ರ ನಡೆಸುವ ಯುವಕ, "ಅಕ್ಷರ ಹೋದ್ರ ಅಡ್ಡಿಯಿಲ್ರಿ ಸರ್, ಬೆರಳಿಗಿ ಗೊತ್ತದ. ಶಿಫ್ಟ್ ಒತ್ತಿದ್ರ ಮ್ಯಾಲ ಏಳಲ್ದು, ಅದೇ ತ್ರಾಸ್ ಆಗ್ಯಾದ" ಅಂದ. ಅಷ್ಟರಲ್ಲಿ ಪಿಂಚಣಿ ವಿಚಾರಿಸಲು ಒಬ್ಬ ಅಜ್ಜಿ ಬಂದರು. "ಆಯಿ, ಆಧಾರ್ ಕಾರ್ಡ್ ಕೊಡ್ರಿ" ಎಂದು ಇಸಿದುಕೊಂಡು 12 ಅಂಕಿಗಳನ್ನು ಬಲಗೈಯಿಂದಲೇ ಸರಸರನೆ ಹೊಡೆದ. ಒಂದು ಅಂಕಿ ಬೀಳಲಿಲ್ಲ. ಅಳಿಸಿ ಮತ್ತೆ ಹೊಡೆದ. ದಿನಕ್ಕೆ ಹತ್ತಾರು ಜನರ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಹೊಡೆಯುವವನಿಗೆ ಒಂದು ಸತ್ತ ಕೀಲಿ ಎಂದರೆ ಎಷ್ಟು ಹೊತ್ತು ವ್ಯರ್ಥ, ಸಾಲಿನಲ್ಲಿ ನಿಂತವರಿಗೆ ಎಷ್ಟು ಕಾಯುವಿಕೆ ಎಂದು ಅಲ್ಲೇ ತಿಳಿಯಿತು.

ಆ ಸವೆತದಲ್ಲಿ ಕೊಳ್ಳುವವರಿಗೆ ಬೇಕಾದ ಪಾಠವಿದೆ. ಕರ್ನಾಟಕ ಸರ್ಕಾರ ಒಪ್ಪಿದ ಕನ್ನಡ ಕೀಲಿಮಣೆ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಮ್ಮೆಲ್ಲರ ಕೆ.ಪಿ. ರಾವ್ ಅವರು ರೂಪಿಸಿದ್ದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಹಳ್ಳಿಹಳ್ಳಿಗೆ ತಲುಪಿತು. ಅದರಲ್ಲಿ ಒತ್ತಕ್ಷರ ಮೂಡಿಸಲು ಒತ್ತುವ ಕೀಲಿ ಎಫ್. ಕನ್ನಡದಲ್ಲಿ ಒತ್ತಕ್ಷರ ಎಷ್ಟು ಬರುತ್ತದೆಂದು ಹೇಳಬೇಕಾಗಿಲ್ಲ. ದೀರ್ಘ ಸ್ವರ, ಮಹಾಪ್ರಾಣ, ಣ, ಳ, ಶ ಬರಬೇಕಾದರೆ ಶಿಫ್ಟ್ ಹಿಡಿಯಬೇಕು. "ಶರಣ" ಎಂಬ ಮೂರಕ್ಷರದ ಪದಕ್ಕೇ ಎರಡು ಸಲ ಶಿಫ್ಟ್ ಬೇಕು. "ಕಲ್ಯಾಣ" ಹೊಡೆಯಲು ಆರು ಕೀಲಿ, ಅದರಲ್ಲಿ ಒಂದು ಎಫ್, ಎರಡಕ್ಕೆ ಶಿಫ್ಟ್. ಇಂಗ್ಲಿಷ್ ಹೊಡೆಯುವವರು ವಾಕ್ಯದ ಮೊದಲಿಗೆ, ಹೆಸರಿನ ಮೊದಲಿಗೆ ಶಿಫ್ಟ್ ಒತ್ತಿದರೆ ಮುಗಿಯಿತು. ಕನ್ನಡ ಹೊಡೆಯುವವರ ಕಿರುಬೆರಳಿಗೆ ಹೆಜ್ಜೆಹೆಜ್ಜೆಗೂ ಶಿಫ್ಟಿನ ಕೆಲಸ.

ಆದ್ದರಿಂದ ಇಂಗ್ಲಿಷ್ ಟೈಪಿಂಗ್ ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಲಹೆಗಳು ನಮಗೆ ಪೂರ್ತಿ ಒಗ್ಗುವುದಿಲ್ಲ. ಕನ್ನಡಕ್ಕೆ ಕೀಬೋರ್ಡ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಎರಡು ಶಿಫ್ಟ್, ಒಂದು ಎಫ್, ಮತ್ತು ಬಲಗಡೆಯ ಅಂಕಿಗಳ ಸಾಲು.

ಬಸವಕಲ್ಯಾಣದ ಅಂಗಡಿಯಲ್ಲಿ

ಗೋರ್ಟಾದಿಂದ ಬಸವಕಲ್ಯಾಣಕ್ಕೆ ಬಂದರೆ ಪೇಟೆ ತುಂಬ ಮೊಬೈಲ್ ಅಂಗಡಿಗಳು. ಅವುಗಳ ನಡುವೆ ಕಂಪ್ಯೂಟರ್ ದುರಸ್ತಿ ಮಾಡುವ, ಬಿಡಿ ಸಾಮಾನು ಮಾರುವ ಅಂಗಡಿಗಳು ಸಿಗುತ್ತವೆ. ನಾನು ಹೊಕ್ಕ ಅಂಗಡಿಯ ಗೋಡೆಯ ಮೇಲೆ ಕೀಬೋರ್ಡ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅಂಗಡಿಯವರು ಮೊದಲು ತೋರಿಸಿದ್ದು ಬಣ್ಣಬಣ್ಣದ ದೀಪ ಉರಿಯುವಂಥದ್ದು. "ಹುಡುಗ್ರು ಇದೇ ಒಯ್ತಾರ್ರಿ" ಅಂದರು. ಟೈಪಿಂಗ್‌ಗೆ ಬೇಕು, ದೀಪ ಬೇಡ ಅಂದಾಗ ಮೂರು ದರ್ಜೆಯ ಮಾಲನ್ನು ಮುಂದೆ ಇಟ್ಟರು.

ಮೊದಲನೆಯದು 250ರಿಂದ 400 ರೂಪಾಯಿ ಒಳಗಿನದು. ಫ್ರಂಟೆಕ್, ಕ್ವಾಂಟಮ್, ಝೀಬ್ರಾನಿಕ್ಸ್‌ನ ಅಗ್ಗದ ಮಾದರಿಗಳು ಈ ಸಾಲಿನವು. ಎರಡನೆಯದು 500ರಿಂದ 700 ರೂಪಾಯಿ ಆಸುಪಾಸಿನದು: ಲಾಜಿಟೆಕ್ ಕೆ120, ಡೆಲ್ ಕೆಬಿ216, ಟಿವಿಎಸ್ ಚಾಂಪ್, ಎಚ್‌ಪಿಯ ವೈರ್ ಇರುವ ಮಾದರಿಗಳು. ಮೂರನೆಯದು 2,000 ರೂಪಾಯಿ ದಾಟಿದ ಮೆಕ್ಯಾನಿಕಲ್ ಕೀಬೋರ್ಡ್. ಬ್ಯಾಂಕು, ಡಿಟಿಪಿ ಅಂಗಡಿಗಳಲ್ಲಿ ಹೆಸರಾದ ಟಿವಿಎಸ್ ಗೋಲ್ಡ್ ಈ ಗುಂಪಿನದು. ಬೆಲೆ ಅಂಗಡಿಯಿಂದ ಅಂಗಡಿಗೆ, ಆನ್‌ಲೈನ್ ರಿಯಾಯಿತಿಯ ಕಾಲದಿಂದ ಕಾಲಕ್ಕೆ ಏರಿಳಿಯುತ್ತದೆ. ಆದರೆ ಈ ಮೂರು ದರ್ಜೆಗಳ ನಡುವಿನ ಅಂತರ ಹೆಚ್ಚೂಕಡಿಮೆ ಹೀಗೇ ಇರುತ್ತದೆ.

ಬಿಚ್ಚಿ ನೋಡಿದರೆ

ಅಂಗಡಿಯಲ್ಲಿ ಕೆಟ್ಟ ಕೀಬೋರ್ಡ್ ಒಂದನ್ನು ಬಿಚ್ಚಿ ಇಟ್ಟಿದ್ದರು. ಅದನ್ನು ಮುಂದಿಟ್ಟುಕೊಂಡು ನೋಡಿದರೆ ಬೆಲೆಯ ಗುಟ್ಟು ತಾನೇ ಬಿಡಿಸಿಕೊಳ್ಳುತ್ತದೆ. ಅಗ್ಗದ ಕೀಬೋರ್ಡ್‌ಗಳೆಲ್ಲ ಮೆಂಬ್ರೇನ್ ಜಾತಿಯವು. ಒಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳು. ಮೇಲಿನ ಹಾಳೆ, ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿ ಕೀಲಿಯ ಕೆಳಗೆ ಒಂದು ತೂತು. ಮೇಲೆ ರಬ್ಬರಿನ ಗುಬುಟುಗಳು. ಕೀಲಿ ಒತ್ತಿದಾಗ ಗುಬುಟು ಕುಸಿದು ಮೇಲಿನ ಹಾಳೆ ತೂತಿನ ಮೂಲಕ ಕೆಳಗಿನದಕ್ಕೆ ತಾಗುತ್ತದೆ. ಮೂಲೆಯಲ್ಲಿರುವ ಸಣ್ಣ ಚಿಪ್ ಯಾವ ಅಡ್ಡಸಾಲು, ಯಾವ ಉದ್ದಸಾಲು ಕೂಡಿತೆಂದು ಗುರುತಿಸಿ ಕಂಪ್ಯೂಟರಿಗೆ ತಿಳಿಸುತ್ತದೆ.

ಇದರಿಂದ ಮೂರು ಸಂಗತಿ ಸ್ಪಷ್ಟವಾಗುತ್ತವೆ. ಒಂದು, 300 ರೂಪಾಯಿಯದಕ್ಕೂ 600 ರೂಪಾಯಿಯದಕ್ಕೂ ತಂತ್ರಜ್ಞಾನ ಒಂದೇ. ವ್ಯತ್ಯಾಸ ಇರುವುದು ರಬ್ಬರಿನ ಗುಣಮಟ್ಟ, ಕೀಲಿ ಕೂರುವ ಕೊಳವೆಯ ನಯ, ಅಕ್ಷರದ ಮುದ್ರಣ ಮತ್ತು ವೈರಿನ ಬುಡದಲ್ಲಿ. ಎರಡು, ಧೂಳು, ಚಹಾ, ಬೆವರು ಆ ಹಾಳೆಗಳ ನಡುವೆ ಇಳಿದರೆ ಕೀಲಿ ಸಾಯುತ್ತದೆ. ರಾಶಿ ಕಾಲದಲ್ಲಿ ತೊಗರಿ ಹೊಟ್ಟು ಮನೆಯೊಳಗೆಲ್ಲ ಹಾರುವ ನಮ್ಮ ಊರುಗಳಲ್ಲಿ ಇದು ದಿನನಿತ್ಯದ ಅಪಾಯ. ಮೂರು, ಸಾಲುಗಳ ಲೆಕ್ಕದಲ್ಲಿ ಕೀಲಿ ಗುರುತಿಸುವುದರಿಂದ ಕೆಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಅಗ್ಗದ ಕೀಬೋರ್ಡ್ ಒಂದನ್ನು ನುಂಗಿಬಿಡುತ್ತದೆ. ವೇಗವಾಗಿ ಟೈಪ್ ಮಾಡುವವರಿಗೆ ಒಂದು ಕೀಲಿ ಏಳುವ ಮುಂಚೆಯೇ ಇನ್ನೊಂದು ಬೀಳುತ್ತದಾದ್ದರಿಂದ ಇದು ತಟ್ಟುತ್ತದೆ.

ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗ್ ಇರುವ ಬೇರೆ ಬೇರೆ ಸ್ವಿಚ್. ಇಂದಿನ ಬಹುತೇಕ ಸ್ವಿಚ್‌ಗಳ ಮಾದರಿ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್. ಪೂರ್ತಿ ತಳ ಮುಟ್ಟುವ ಮುಂಚೆಯೇ ಅಕ್ಷರ ಬೀಳುವುದರಿಂದ ಬೆರಳಿಗೆ ಆಯಾಸ ಕಡಿಮೆ. ಆಯುಸ್ಸಿನಲ್ಲೂ ದೊಡ್ಡ ಅಂತರವಿದೆ: ಒಳ್ಳೆಯ ಮೆಂಬ್ರೇನ್ ಕೀಲಿ ಸುಮಾರು ಒಂದು ಕೋಟಿ ಸಲ ಒತ್ತಿಸಿಕೊಳ್ಳುತ್ತದೆಂದು ತಯಾರಕರು ಹೇಳಿದರೆ, ಮೆಕ್ಯಾನಿಕಲ್ ಸ್ವಿಚ್‌ಗಳಿಗೆ ಐದು ಕೋಟಿ ಅಥವಾ ಅದಕ್ಕೂ ಹೆಚ್ಚು ಹೇಳುತ್ತಾರೆ.

ಗಲ್ಲೆಯ ಮುಂದೆಯೇ ಪರೀಕ್ಷೆ

ಡಬ್ಬಿ ನೋಡಿ ದುಡ್ಡು ಕೊಡಬೇಡಿ. ಕೀಬೋರ್ಡನ್ನು ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ ತೋರಿಸಲು ಕೇಳಿ. ನಮ್ಮ ಕಡೆಯ ಅಂಗಡಿಯವರು ಇದಕ್ಕೆ ಬೇಸರಪಡುವುದಿಲ್ಲ. ನಾನು ಒಂದೊಂದನ್ನೂ ಹೀಗೆ ನೋಡಿದೆ.

ಮೊದಲು ಮೇಜಿನ ಮೇಲಿಟ್ಟು ನಡುವೆ ಒತ್ತಿ. ಬಾಗಿದರೆ, ಮೂಲೆ ಎದ್ದರೆ ಬಿಡಿ. ಹಿಂದಿನ ಮಡಚುವ ಕಾಲುಗಳನ್ನು ಬಿಚ್ಚಿ ಮತ್ತೆ ಒತ್ತಿ. ಕಾಲಿಗೆ ರಬ್ಬರ್ ಇದ್ದರೆ ಜಾರುವುದಿಲ್ಲ.

ಆಮೇಲೆ ಅಗಲವಾದ ಕೀಲಿಗಳು: ಸ್ಪೇಸ್, ಎಂಟರ್, ಎರಡು ಶಿಫ್ಟ್. ಅವುಗಳನ್ನು ನಡುವೆ ಒತ್ತಿದರೆ ಎಲ್ಲವೂ ಚೆನ್ನಾಗಿಯೇ ಇಳಿಯುತ್ತವೆ. ತುದಿಯಲ್ಲಿ ಒತ್ತಿ ನೋಡಬೇಕು. ಅಡ್ಡವಾಗಿ ಸಿಕ್ಕಿಕೊಂಡರೆ, ನಿಧಾನ ಎದ್ದರೆ ಕನ್ನಡಕ್ಕೆ ಅದು ನಾಲಾಯಕ್ಕು. ಎಡದ ಶಿಫ್ಟನ್ನು ತುಂಡು ಮಾಡಿ ಪಕ್ಕದಲ್ಲಿ ಇನ್ನೊಂದು ಕೀಲಿ ಸೇರಿಸಿರುವ ಮಾದರಿಗಳೂ ಇರುತ್ತವೆ. ಕಿರುಬೆರಳಿಗೆ ಪೂರ್ತಿ ಅಗಲದ ಶಿಫ್ಟೇ ಬೇಕು.

ಮೂರನೆಯದು ಬರೆದು ನೋಡುವುದು. ನುಡಿ ಇದ್ದರೆ ನುಡಿಯಲ್ಲಿ, ಇಲ್ಲದಿದ್ದರೆ ವಿಂಡೋಸ್‌ನ ಕನ್ನಡ ಕೀಲಿಮಣೆಯಲ್ಲಿ ನಿಮ್ಮ ಹೆಸರು, ಊರು, ತಾಲೂಕು, ಜಿಲ್ಲೆ ಹೊಡೆಯಿರಿ. ಬಸವಣ್ಣ, ಕಲ್ಯಾಣ, ಗ್ರಾಮ ಪಂಚಾಯಿತಿ, ಪ್ರಮಾಣಪತ್ರ, ಈ ಪದಗಳನ್ನು ನಿಮ್ಮ ಮಾಮೂಲಿ ವೇಗದಲ್ಲಿ ಹೊಡೆದರೆ ಶಿಫ್ಟ್, ಒತ್ತಕ್ಷರದ ಕೀಲಿ ಎರಡೂ ಸತ್ವಪರೀಕ್ಷೆಗೆ ಒಳಗಾಗುತ್ತವೆ. ಎಲ್ಲೂ ಅಕ್ಷರ ತಪ್ಪದಿದ್ದರೆ ಪಾಸು. ಎಫ್ ಮತ್ತು ಜೆ ಮೇಲೆ ಬೆರಳಿಗೆ ತಿಳಿಯುವ ಸಣ್ಣ ಉಬ್ಬು ಇದೆಯೇ ನೋಡಿ. ಕೀಲಿ ನೋಡದೆ ಹೊಡೆಯಲು ಕಲಿಯುವವರಿಗೆ ಅದೇ ದಾರಿ ತೋರಿಸುವ ಗುರುತು.

ನಾಲ್ಕನೆಯದು ಅಕ್ಷರ. ಕೀಲಿಯ ಮೇಲೆ ಅಕ್ಷರ ಉಬ್ಬಿದಂತೆ ಉಗುರಿಗೆ ತಾಗಿದರೆ ಅದು ಮೇಲೆ ಒತ್ತಿದ ಶಾಯಿ ಅಥವಾ ಅಂಟಿಸಿದ ಪದರ, ಬೇಗ ಹೋಗುತ್ತದೆ. ಲೇಸರ್‌ನಿಂದ ಕೊರೆದದ್ದು ಹೆಚ್ಚು ಕಾಲ ಉಳಿಯುತ್ತದೆ. ಕನ್ನಡ ಅಕ್ಷರ ಮುದ್ರಿಸಿದ ಕೀಬೋರ್ಡ್ ನಮ್ಮ ತಾಲೂಕಿನ ಪೇಟೆಯಲ್ಲಿ ಸಿಗುವುದು ಅಪರೂಪ. ಬೇಕೆನಿಸಿದರೆ ಕನ್ನಡ ಅಕ್ಷರದ ಸ್ಟಿಕ್ಕರ್ ಹಾಳೆ ಪ್ರತ್ಯೇಕವಾಗಿ ಸಿಗುತ್ತದೆ. ಕಲಿಯುವ ಮೊದಲ ತಿಂಗಳುಗಳಿಗೆ ಅದು ಸಾಕು.

ಐದನೆಯದು ವೈರು. ಕೀಬೋರ್ಡ್‌ನಿಂದ ವೈರ್ ಹೊರಬರುವ ಕಡೆ ದಪ್ಪ ರಬ್ಬರ್ ಕುತ್ತಿಗೆ ಇರಬೇಕು. ಒಂದೂವರೆ ಮೀಟರ್ ಉದ್ದ ಇದ್ದರೆ ಸಿಪಿಯು ಮೇಜಿನ ಕೆಳಗಿದ್ದರೂ ಎಟುಕುತ್ತದೆ. ಕೇಂದ್ರದಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಹಿಂದುಗಡೆ ಯುಎಸ್‌ಬಿ ಜಾಗ ಖಾಲಿ ಇದೆಯೇ ಎಂದು ಮೊದಲೇ ನೋಡಿಕೊಂಡು ಹೊರಡಿ.

ಅಂಕಿಗಳ ಸಾಲು ಬಿಡಬೇಡಿ, ಬ್ಯಾಟರಿ ನೆಚ್ಚಬೇಡಿ

ಚಿಕ್ಕ ಕೀಬೋರ್ಡ್ ಮುದ್ದಾಗಿ ಕಾಣುತ್ತದೆ, ಬೆಲೆಯೂ ಕೆಲವೊಮ್ಮೆ ಕಡಿಮೆ. ಆದರೆ ಬಲಗಡೆಯ ಅಂಕಿಗಳ ಸಾಲು ಅದರಲ್ಲಿ ಇರುವುದಿಲ್ಲ. ಆಧಾರ್ 12 ಅಂಕಿ, ಮೊಬೈಲ್ 10 ಅಂಕಿ, ಮೇಲೆ ಖಾತೆ ಸಂಖ್ಯೆ, ಸರ್ವೆ ನಂಬರ್. ಈ ಕೆಲಸ ಮಾಡುವವರಿಗೆ 104 ಕೀಲಿಯ ಪೂರ್ಣ ಕೀಬೋರ್ಡೇ ಸರಿ. ರೂಪಾಯಿ ಚಿಹ್ನೆ ಮುದ್ರಿಸಿದ್ದಾರೋ ಇಲ್ಲವೋ ಎಂಬ ಚಿಂತೆ ಬೇಡ. ವಿಂಡೋಸ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಕೀಲಿಮಣೆ ಆರಿಸಿಕೊಂಡರೆ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದಾಗ ಅದು ಬೀಳುತ್ತದೆ.

ವೈರ್‌ಲೆಸ್ ಕೀಬೋರ್ಡ್ ಕೈಬೀಸಿ ಕರೆಯುತ್ತದೆ. ಅದರ ಬೆಲೆಯಲ್ಲಿ ಒಂದು ಪಾಲು ರೇಡಿಯೋಗೆ ಹೋಗುತ್ತದೆ, ಕೀಲಿಗಳಿಗೆ ಉಳಿಯುವುದು ಕಡಿಮೆ. ಅರ್ಜಿಯ ಕೊನೆಯ ದಿನ ಬ್ಯಾಟರಿ ಮುಗಿದರೆ, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್ ಕಳೆದುಹೋದರೆ ಕೆಲಸ ನಿಂತಂತೆಯೇ. ತಗೊಳ್ಳಲೇಬೇಕೆಂದಿದ್ದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತು ನೋಡಿ ತಗೊಳ್ಳಿ. ವೈರ್‌ಲೆಸ್ ಕೀಬೋರ್ಡ್ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿದೆ. ದುಡ್ಡು ಕಡಿಮೆ ಇರುವವರಿಗೆ ವೈರ್ ಇರುವಂಥದ್ದೇ ಭದ್ರ.

ಗಡಿನಾಡಿನ ಬೆರಳುಗಳಿಗೆ ಒಂದು ಅನುಕೂಲ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಆನ್‌ಲೈನ್ ಕೇಂದ್ರಕ್ಕೆ ಕನ್ನಡದವರೂ ಬರುತ್ತಾರೆ, ಮರಾಠಿಯವರೂ ಬರುತ್ತಾರೆ. ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ ಇದೆ. ಎರಡಕ್ಕೂ ಎರಡು ಕೀಬೋರ್ಡ್ ಬೇಡ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಗೊತ್ತುಪಡಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಿಗೆಲ್ಲ ಅಕ್ಷರಗಳ ಜಾಗ ಒಂದೇ. ಕನ್ನಡದ ಕ ಇರುವ ಕೀಲಿಯಲ್ಲೇ ಮರಾಠಿಯ ಕ. ಕನ್ನಡದ್ದನ್ನು ಕಲಿತವರಿಗೆ ಮರಾಠಿ ಹೊಡೆಯಲು ಬೆರಳಿಗೆ ಹೊಸ ಪಾಠವೇ ಬೇಕಿಲ್ಲ, ಭಾಷೆ ಬದಲಿಸಿಕೊಂಡರಾಯಿತು. ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಕ್ಷರದ ಕೀಲಿ ಎಫ್ ಅಲ್ಲ, ಡಿ. ಅದನ್ನು ಬಳಸುವವರು ಅಂಗಡಿಯಲ್ಲಿ ಡಿ ಕೀಲಿಯನ್ನು ಹೆಚ್ಚು ಪರೀಕ್ಷಿಸಲಿ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡವರಿಗೂ ತೊಂದರೆಯಿಲ್ಲ. ಕೆ.ಪಿ. ರಾವ್ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಅದರೊಳಗೇ ಇದೆ, ದುಡ್ಡು ಕೊಟ್ಟು ಏನನ್ನೂ ತರಬೇಕಾಗಿಲ್ಲ.

ಹುಮನಾಬಾದ್ ದಾಟಿ ಹೈದರಾಬಾದಿಗೆ?

ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದ್ ಮೂಲಕ ನೇರ ಹೈದರಾಬಾದಿಗೆ ಹೋಗುತ್ತದೆ. ಕಂಪ್ಯೂಟರ್ ಸಾಮಾನಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹೆಸರಾದ ಜಾಗ, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದ ಹಾಗೆ. ಕಂಪನಿಗಳು ಬದಲಿಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಕೀಬೋರ್ಡ್‌ಗಳು ಇಂಥ ಪೇಟೆಗಳಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಅಗ್ಗಕ್ಕೆ ಸಿಗುತ್ತವೆ. ಕಚೇರಿಗೆಂದು ಮಾಡಿದ ಹಳೆಯ ಕೀಬೋರ್ಡ್ ಹೊಸ ಕಳಪೆ ಮಾಲಿಗಿಂತ ಎಷ್ಟೋ ಸಲ ಗಟ್ಟಿ. ಹಾಗೆಂದು ಒಂದೇ ಕೀಬೋರ್ಡಿಗಾಗಿ ಬಸ್ ಹತ್ತಿದರೆ ಉಳಿದ ದುಡ್ಡು ಟಿಕೆಟಿಗೆ ಹೋಗುತ್ತದೆ. ಶಾಲೆಗೋ ತರಬೇತಿ ಕೇಂದ್ರಕ್ಕೋ ಹತ್ತಿಪ್ಪತ್ತು ಬೇಕಾದಾಗ, ಅಥವಾ ಬೇರೆ ಕೆಲಸಕ್ಕೆ ಹೋದಾಗ ಮಾತ್ರ ಅಲ್ಲಿ ಕೊಳ್ಳುವುದು ಲಾಭ. ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಕೊಂಡರೆ ಕೆಟ್ಟಾಗ ತಿರುಗಿ ಕೊಡಲು ಅಂಗಡಿ ಹತ್ತಿರವಿರುತ್ತದೆ. ಬಿಲ್ ಇಸಿದುಕೊಳ್ಳಿ, ವಾರಂಟಿ ಎಷ್ಟು ಕಾಲ, ಬದಲಿಸಿ ಕೊಡುವವರು ಅಂಗಡಿಯವರೋ ಕಂಪನಿಯವರೋ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಡಬ್ಬಿಯನ್ನು ಕಾಪಾಡಿ.

ಮನೆಗೆ ತಂದ ಮೇಲಿನ ಆರೈಕೆಗೆ ಖರ್ಚಿಲ್ಲ. ಕೆಲಸ ಮುಗಿದ ಮೇಲೆ ಹಳೆಯ ಹತ್ತಿ ಬಟ್ಟೆ ಹೊದಿಸಿ. ವಾರಕ್ಕೊಮ್ಮೆ ವೈರ್ ಕಿತ್ತು, ಬೋರಲು ಹಾಕಿ ಮೆಲ್ಲಗೆ ತಟ್ಟಿ, ಬಣ್ಣದ ಸಣ್ಣ ಬ್ರಷ್ಷಿನಿಂದ ಸಂದು ಗುಡಿಸಿ. ಚಹಾ ಚೆಲ್ಲಿದರೆ ಮೊದಲು ವೈರ್ ಕೀಳಿ, ಬೋರಲು ಹಾಕಿ, ನೆರಳಲ್ಲಿ ಗಾಳಿಗೆ ಪೂರ್ತಿ ಒಣಗಿಸಿ. ಬಿಸಿಲಿಗಾಗಲಿ ಒಲೆಯ ಹತ್ತಿರಕ್ಕಾಗಲಿ ಇಡಬೇಡಿ, ಒಳಗಿನ ಹಾಳೆ ಸುರುಟಿಕೊಳ್ಳುತ್ತದೆ.

ಯಾರಿಗೆ ಯಾವುದು?

ಇಷ್ಟು ನೋಡಿ ಕೇಳಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಬಳಸುವವರು, ಕೈಯಲ್ಲಿ 300 ರೂಪಾಯಿ ಮಾತ್ರ ಇರುವವರು ಅಗ್ಗದ್ದನ್ನೇ ಕೊಳ್ಳಬಹುದು. ಮೇಲೆ ಹೇಳಿದ ಶಿಫ್ಟ್ ಪರೀಕ್ಷೆ ಮಾತ್ರ ಬಿಡಬಾರದು. ಟೈಪಿಂಗ್ ಪರೀಕ್ಷೆಗೆ ಕೂರುವವರಿಗೆ, ಸಾಮಾನ್ಯ ಆನ್‌ಲೈನ್ ಕೇಂದ್ರದವರಿಗೆ 500ರಿಂದ 700 ರೂಪಾಯಿಯ, ವೈರ್ ಇರುವ, ಪೂರ್ಣ ಗಾತ್ರದ, ಹೆಸರಿರುವ ಕಂಪನಿಯ ಮೆಂಬ್ರೇನ್ ಕೀಬೋರ್ಡ್ ಸರಿಯಾದ ಆಯ್ಕೆ. ಐದುನೂರಕ್ಕೆ ಇನ್ನೊಂದು ನೂರು ಕೂಡಿಸಿದರೆ ಆಯ್ಕೆ ಹೆಚ್ಚುತ್ತದೆ. ಆ ನೂರು ದೀಪಕ್ಕೆ ಹೋಗದಿರಲಿ. ಬೆಳಗಿನಿಂದ ಸಂಜೆವರೆಗೆ ಟೈಪಿಂಗನ್ನೇ ನೆಚ್ಚಿದವರು ಮೂರು ಅಗ್ಗದವನ್ನು ಕೊಂಡು ಎಸೆಯುವ ಬದಲು ದುಡ್ಡು ಕೂಡಿಸಿ ಒಂದು ಮೆಕ್ಯಾನಿಕಲ್ ತರಲಿ.

ಸಂವಿಧಾನದ 371(ಜೆ) ವಿಧಿ ಮೀಸಲಾತಿಯ ಮೂಲಕ ಈ ಭಾಗದ ಮಕ್ಕಳಿಗೆ ನೌಕರಿಯ ಬಾಗಿಲು ತೆರೆದಿದೆ. ನ್ಯಾಯಾಲಯದ ಬೆರಳಚ್ಚುಗಾರರ ಹುದ್ದೆಯಂಥವಕ್ಕೆ ಕನ್ನಡ ಟೈಪಿಂಗ್ ಬಂದಿರಲೇಬೇಕು. ಆದ್ದರಿಂದ ಪಂಚಾಯಿತಿ, ಶಾಲೆ, ಗ್ರಂಥಾಲಯಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ: ಸತ್ತ ಕೀಲಿಯ ಕೀಬೋರ್ಡುಗಳನ್ನು ಮೇಜಿನಿಂದ ತೆಗೆಯಿರಿ. ಕೆಲವು ನೂರು ರೂಪಾಯಿಯ ಹೊಸ ಕೀಬೋರ್ಡ್, ಪಕ್ಕದಲ್ಲಿ ಒಂದು ಕನ್ನಡ ಸ್ಟಿಕ್ಕರ್ ಹಾಳೆ ಇಡಿ. ಕಲಿಯುವ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ ಬಿಟ್ಟುಕೊಡಿ. ಓದುಗರಿಗೂ ಒಂದು ಮಾತು: ಅಂಗಡಿಗೆ ಹೋದಾಗ ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲೇ ಹೊಡೆದು ನೋಡಿ ಕೀಬೋರ್ಡ್ ಕೊಳ್ಳಿ.